ಇಲ್ಲದ ಕಲ್ಲವ್ವ, ಇರುವ ಅಕ್ಕ

ಗಡಹಿಂಗ್ಲಜದಲ್ಲಿ ಕಲ್ಲವ್ವ ಎಂಬ ಹೆಂಗಸನ್ನು ಹುಡುಕುತ್ತಿದ್ದರು.

ಸಿಗಲಿಲ್ಲ. ಸಿಗುವುದಾದರೂ ಹೇಗೆ? ಅಂಥ ಹೆಂಗಸು ಇರಲೇ ಇಲ್ಲ. ಆಕೆಯನ್ನು ಕಟ್ಟಿದವಳು ನನ್ನ ಅಕ್ಕ.

ಆ ಊರಿನಲ್ಲಿ ನಮ್ಮ ಸಮಾಜದವರೇ ಕಟ್ಟಿಕೊಂಡ ಒಂದು ನೇಮದ ಮಂಡಳಿ ಇದೆ. ಯಾರ ಮನೆಯಲ್ಲಿ ಪೂಜೆ ನೇಮದಂತೆ ಆಗುತ್ತದೆ, ಯಾರ ಮನೆಯಲ್ಲಿ ಇಲ್ಲ ಎಂದು ನೋಡುವುದು ಅದರ ಕೆಲಸ. ಒಂದು ಸೋಮವಾರ ಮುಂಜಾನೆ ಮಂಡಳಿಯ ಇಬ್ಬರು ಅಕ್ಕನ ಮನೆಯ ಹಿತ್ತಲಿಗೆ ಬಂದರು. ನಮ್ಮ ಭಾವ ಮೆಣಸಿನಕಾಯಿ ವ್ಯಾಪಾರಿ. ಹಿತ್ತಲಲ್ಲಿ ಕೆಂಪು ರಾಶಿಯ ಸುತ್ತ ಹೆಂಗಸರು ಕೂತು ತೊಟ್ಟು ಮುರಿಯುತ್ತಿದ್ದರು.

"ಪೂಜಿ ಆಗೂಕಿಂತ ಮೊದಲ ಚಹಾ ಕುಡದವರ ಯಾರವಾ ಇಲ್ಲಿ?"

ಹೆಂಗಸರು ಮುಖ ಮುಖ ನೋಡಿಕೊಂಡರು. ಅವರಲ್ಲಿ ಹಿರಿಯಳಾದ ಸಖೂಬಾಯಿ ತಲೆ ಎತ್ತದೆ ಹೇಳಿದಳು.

"ಕಲ್ಲವ್ವ ಕುಡದಾಳ್ರಿ."

"ಯಾವ ಕಲ್ಲವ್ವ?"

"ಆ ಕಡಿ ಓಣಿಯಾಕಿ ರೀ."

ಮುಂದಿನ ವಾರ ಬಂದು, ಸಿನೆಮಾಕ್ಕೆ ಹೋದವರು ಯಾರು ಎಂದು ಕೇಳಿದರು. ಕಲ್ಲವ್ವ. ಹಗಲು ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡವರು ಯಾರು? ಕಲ್ಲವ್ವ. ಮಂಡಳಿಯವರು ಓಣಿ ಓಣಿ ತಿರುಗಿದರು. (ಅವರಲ್ಲೊಬ್ಬ ತರುಣ ತಾನು ಕಣ್ಣಾರೆ ಕಂಡೆ ಎಂದನಂತೆ. ಹಸಿರು ಸೀರೆ ಉಟ್ಟು ಹಿರಣ್ಯಕೇಶಿ ಹೊಳೆಯ ಕಡೆ ಹೋಗುತ್ತಿದ್ದಳಂತೆ.)

ನಿಮಗೆ ನಗು ಬಂದಿರಬೇಕು. ಕೇಳಿದ ದಿನ ನಾನೂ ನಕ್ಕಿದ್ದೆ. ಈಗ ನಗು ಬರುತ್ತಿಲ್ಲ. ಈ ವಾರ ಬೇರೆ ಏನನ್ನಾದರೂ ಬರೆದು ಪಾರಾಗೋಣ ಎಂದು ಎರಡು ದಿನ ಒದ್ದಾಡಿದೆ. ಇಚಲಕರಂಜಿಯ ನಳದ ನೀರಿನ ಬಗ್ಗೆ ಅರ್ಧ ಪುಟ ಬರೆದೂ ಬರೆದೆ. ಹರಿದು ಹಾಕಿದೆ.

ಮೊದಲು ಮಂಡಳಿಯ ವಿಷಯ ಹೇಳಬೇಕು. ಅದನ್ನು ಕಟ್ಟಿದವರು ಕೆಟ್ಟವರಲ್ಲ. ಅರಿವೆ ಅಂಗಡಿಯ ಈರಪ್ಪಣ್ಣ ಎಂಬ ಹಿರಿಯರು ಅದರ ಮುಖ್ಯಸ್ಥರು. ಮೃದು ಮಾತಿನ ಮನುಷ್ಯ. ಅವರ ತಮ್ಮ ಕುಡಿದು ಕುಡಿದೇ ತೀರಿಕೊಂಡ. ಇನ್ನೊಬ್ಬರ ಮನೆಗೆ ಹಾಗಾಗಬಾರದು ಎಂದು ಅವರು ನಾಲ್ಕು ಜನರನ್ನು ಕೂಡಿಸಿ ಸಮಾಜದ ಮನೆಮನೆಗೆ ಹೋಗಿ ಕುಡಿತ ಬಿಡಿಸಿದರು. ಎಷ್ಟೋ ಹೆಂಗಸರು ಅವರಿಗೆ ಕೈ ಮುಗಿದರು. ನಾನು ಇದೇ ಅಂಕಣದಲ್ಲಿ ಅವರನ್ನು ಹೊಗಳಿ ಬರೆದೆ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. 'ಇಂಥವರು ಊರಿಗೊಬ್ಬರು ಬೇಕು' ಎಂದು ಮುಗಿಸಿದ್ದೆ.

ಕುಡಿತ ಮುಗಿಯಿತು. ಮಂಡಳಿ ಮುಗಿಯಲಿಲ್ಲ.

ಆಮೇಲೆ ಸಿನೆಮಾ ಬೇಡ ಎಂದರು. ಆಮೇಲೆ ಪೂಜೆಗೆ ಮುಂಚೆ ಚಹಾ ಬೇಡ ಎಂದರು. ಹಣೆಯ ಮೇಲೆ ವಿಭೂತಿ ಇದೆಯೇ ಎಂದು ಪೇಟೆಯಲ್ಲಿ ನಿಲ್ಲಿಸಿ ನೋಡತೊಡಗಿದರು. ಸೋಮವಾರ ಸಂಜೆಯವರೆಗೆ ಯಾರೂ ತಲಬಾಗಿಲು ಹಾಕಬಾರದು ಎಂದರು. ಒಳಗೆ ನೇಮ ಇದ್ದವರಿಗೆ ಬಾಗಿಲೇಕೆ? ಓಣಿಗೊಬ್ಬರನ್ನು ನೇಮಿಸಿದರು. ಅವರು ಓಣಿಯ ಸುದ್ದಿ ತಂದು ಹೇಳಬೇಕು.

ಕೇಳದಿದ್ದರೆ ಏನು ಮಾಡುತ್ತಾರೆ? ಹೊಡೆಯುವುದಿಲ್ಲ, ಬಯ್ಯುವುದಿಲ್ಲ. ಎಣ್ಣೆ ವ್ಯಾಪಾರಿಯೊಬ್ಬ ಮಂಡಳಿಯವರಿಗೆ ಎದುರು ಮಾತಾಡಿದ್ದ. ಕೆಲವು ದಿನಕ್ಕೆ ಅವನ ತಂದೆ ತೀರಿಕೊಂಡರು. ಕ್ರಿಯೆ ಮಾಡಿಸಲು ಅಯ್ಯನವರು ಬರಲಿಲ್ಲ. ಹೆಗಲು ಕೊಡಲು ಓಣಿಯವರು ಬರಲಿಲ್ಲ. ಸಂಕೇಶ್ವರದಿಂದ ಅವನ ಬೀಗರು ಬರುವ ತನಕ ಹೆಣ ಪಡಸಾಲೆಯಲ್ಲಿ ಕೂತೇ ಇತ್ತು. ಎಲ್ಲರ ಬಾಗಿಲೂ ತೆರೆದೇ ಇತ್ತು. ಅಂದು ಸೋಮವಾರ ನೋಡಿ.

ಇದನ್ನೆಲ್ಲ ನಾನು ಕೇಳಿದ್ದೆ. ಬರೆಯಲಿಲ್ಲ. ನಮ್ಮವರ ಸುದ್ದಿ, ನಾಲ್ಕು ಜನರ ಮುಂದೆ ಏಕೆ ಎಂದುಕೊಂಡೆ. ಮುನಸಿಪಾಲ್ಟಿಯವರನ್ನೂ ಎಸ್.ಟಿ. ಬಸ್ಸಿನವರನ್ನೂ ಬಿಡದೆ ಜಾಡಿಸುವ ಅಂಕಣಕಾರ ನಾನು.

ಈಗ ಅಕ್ಕ.

ನೀಲಕ್ಕ ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ಶಾಲೆ ಕಲಿತದ್ದು ಕಡಿಮೆ. ಆದರೆ ಕತೆ ಹೇಳಿದಳೆಂದರೆ ಒಲೆಯ ಮೇಲಿನ ಸಾರು ಉಕ್ಕಿದರೂ ಯಾರೂ ಏಳುವುದಿಲ್ಲ. ತೊಟ್ಟು ಮುರಿಯುವುದು ಬೇಸರದ ಕೆಲಸ. ಬೆರಳು ಉರಿಯುತ್ತದೆ, ಮೂಗು ಸುರಿಯುತ್ತದೆ, ಸೀನು ನಿಲ್ಲುವುದಿಲ್ಲ. ಅಕ್ಕ ಹೆಂಗಸರ ನಡುವೆ ತಾನೂ ಕೂತು, ತೊಟ್ಟು ಮುರಿಯುತ್ತ, ದಿನಕ್ಕಿಷ್ಟು ಎಂದು ಕತೆ ಹೇಳುತ್ತಿದ್ದಳು. ಈ ಸುಗ್ಗಿಯಲ್ಲಿ ಆಕೆ ಹಿಡಿದದ್ದು ನಿರ್ಮಳಪಟ್ಟಣದ ಕತೆ.

ಅದನ್ನು ನಾನು ಆಕೆಯ ಬಾಯಿಂದಲೇ ಕೇಳಿದೆ. ಹೇಗೆ ಕೇಳಿದೆ ಎಂಬುದನ್ನು ಹೇಳುತ್ತೇನೆ.

ಹೋದ ತಿಂಗಳು ಒಂದು ಮಧ್ಯಾಹ್ನ ಭಾವ ಬಾಳಪ್ಪ ಇಚಲಕರಂಜಿಗೆ ಬಂದು ನನ್ನ ನೂಲಿನ ಅಂಗಡಿಯ ಮೆಟ್ಟಿಲು ಹತ್ತಿದರು. ಅಕ್ಕಪಕ್ಕ ಮಗ್ಗಗಳ ಸದ್ದು. ಜೋರಾಗಿ ಮಾತಾಡದಿದ್ದರೆ ನಮ್ಮಲ್ಲಿ ಏನೂ ಕೇಳುವುದಿಲ್ಲ. ಭಾವ ಅಂಥ ಸದ್ದಿನಲ್ಲೂ ಪಿಸುಗುಟ್ಟುತ್ತಿದ್ದರು.

"ನಿಮ್ಮಕ್ಕಗ ನೀವರ ಹೇಳ್ರಿ. ನನ್ನ ಮಾತ ಕೇಳವಲ್ಲಳು."

"ಏನ ಮಾಡ್ಯಾಳ್ರಿ?"

"ಕತಿ ಹೇಳಾಕತ್ತಾಳ."

"ಕತಿ ಹೇಳಿದ್ರ ಏನಾತ್ರಿ ಭಾವಾ?"

ಆಗ ಅವರು ಕಲ್ಲವ್ವನ ಸುದ್ದಿ ಹೇಳಿದರು. ನಾನು ನಕ್ಕದ್ದು ಆಗಲೇ. ಭಾವ ನಗಲಿಲ್ಲ.

"ಈರಪ್ಪಣ್ಣಾರಿಗೆ ಗೊತ್ತಾಗೇತಿ, ಕಲ್ಲವ್ವ ಅಂದ್ರ ಕತಿಯೊಳಗಿನಾಕಿ ಅಂತ. ತಮ್ಮನ್ನ ಆಡಿಕೊಳ್ಳಾಕ ಹುಟ್ಟಿಸಿದ ಕತಿ ಅಂತ. ಬರೂ ಸೋಮವಾರ ಮಠಕ್ಕ ಬರ್ರಿ ಅಂದಾರ. ವಿಮಲಾನ ಲಗ್ನ ವೈಶಾಖದಾಗ ಐತಿ. ಎಣ್ಣಿಯವರ ಮನ್ಯಾಗ ಏನಾತು ಅಂತ ನಿಮಗ ಗೊತ್ತೈತಲ್ರಿ."

ವಿಮಲಾ ಅಕ್ಕನ ಒಬ್ಬಳೇ ಮಗಳು. ದತ್ತವಾಡದ ಕಬ್ಬಿನ ಹೊಲದವರ ಮನೆಗೆ ಆಕೆಯನ್ನು ಕೊಡುವುದೆಂದು ಮಾತಾಗಿತ್ತು. ಹುಡುಗ ಒಳ್ಳೆಯವನು. ವಿಮಲಾಗೂ ಮನಸ್ಸಿತ್ತು.

"ನೀವು ಬರಿಯಾವರು. ನಿಮ್ಮ ಮಾತಿಗೆ ಅಲ್ಲಿ ಕಿಮ್ಮತ್ತ ಐತಿ" ಎಂದರು ಭಾವ.

ಇಷ್ಟು ಸಾಕಲ್ಲ ನನಗೆ? ಹೊರಟೆ.

ನಮ್ಮ ಕಡೆಯ ದಾರಿ ನಿಮಗೆ ಗೊತ್ತಿದೆ. ಇಚಲಕರಂಜಿಯಿಂದ ಕೊಲ್ಹಾಪುರ. ಅಲ್ಲಿಂದ ಇನ್ನೊಂದು ಬಸ್ಸು ನಿಪ್ಪಾಣಿ, ಸಂಕೇಶ್ವರ ಎಂದು ಮೈಸೂರು ರಾಜ್ಯಕ್ಕೆ ಇಳಿದು ಮತ್ತೆ ಮಹಾರಾಷ್ಟ್ರಕ್ಕೆ ಹತ್ತಿ ಗಡಹಿಂಗ್ಲಜ ಮುಟ್ಟುತ್ತದೆ. ದಾರಿಯುದ್ದಕ್ಕೂ ನಾನು ಮಠದಲ್ಲಿ ಆಡಬೇಕಾದ ಮಾತು ಜೋಡಿಸುತ್ತಿದ್ದೆ. ಹೆಂಗಸರೂ ಸರಿಸಮ ಕೂತು ಗುರುಗಳನ್ನೇ ಪ್ರಶ್ನೆ ಕೇಳಿದ ಪರಂಪರೆ ನಮ್ಮದು ಎಂದು ಶುರು ಮಾಡಬೇಕು. ಕತೆಗೆ ಹೆದರುವ ಧರ್ಮ ನಮ್ಮದಲ್ಲ ಎಂದು ಮುಗಿಸಬೇಕು. ನಿಪ್ಪಾಣಿ ಬರುವಷ್ಟರಲ್ಲಿ ಭಾಷಣ ತಯಾರಾಗಿತ್ತು. ಬಹಳ ಚೆನ್ನಾಗಿತ್ತು.

ಭಾನುವಾರ ಮಧ್ಯಾಹ್ನ ಹಿತ್ತಲಲ್ಲಿ ಕೂತು ಅಕ್ಕನ ಕತೆ ಕೇಳಿದೆ. ನನಗಾಗಿ ಮತ್ತೆ ಮೊದಲಿನಿಂದ ಹೇಳಿದಳು. ಆಕೆಯ ಮಾತಿನಲ್ಲೇ ಕೊಡುತ್ತೇನೆ.

"ನಿರ್ಮಳಪಟ್ಟಣದಾಗ ರಾಜ ಇಲ್ಲ. ದೇವರ ರಾಜ್ಯ ಅದು. ದೇವರ ಹೆಸರಿನ್ಯಾಗ ಹಿರೇರು ಆಳತಾರ. ದೇವರನ್ನ ಯಾರೂ ಕಂಡಿಲ್ಲ, ಹಿರೇರನ್ನ ಎಲ್ಲಾರೂ ಕಾಣತಾರ. ಅಲ್ಲಿ ಮನಿಗೆ ಬಾಗಲಾ ಇಲ್ಲ, ಕಿತ್ತ ಒಯ್ದಾರ. ಸಂಜಿಕ ಗಂಟಿ ಆತು ಅಂದ್ರ ಮಂದಿ ಎಲ್ಲಾ ಚೌಕಕ್ಕ ಬಂದ ನಿಲ್ಲಬೇಕು. ನಿಂತ, ನೆರಿಮನಿಯವರದ ಒಂದ ತಪ್ಪ ಹೇಳಬೇಕು. ತಪ್ಪ ಕಾಣಲಿಲ್ರಿ ಅಂದ್ರ ನೀ ಮುಚ್ಚಿಡಾಕತ್ತಿ ಅಂತ ಅರ್ಥ."

ಆ ಊರಿನಲ್ಲಿ ಚಂಪವ್ವ ಎಂಬ ಹೆಂಗಸು. ಆಕೆಯ ಒಂದು ಮಗ್ಗುಲಿಗೆ ಒಬ್ಬ ಪಾಪದ ಮುದುಕಿ. ಇನ್ನೊಂದು ಮಗ್ಗುಲಿಗೆ ಬಿದ್ದ ಮನೆ. ಮುದುಕಿಯ ಮೇಲೆ ಹೇಳಲು ಚಂಪವ್ವನಿಗೆ ಮನಸ್ಸಾಗಲಿಲ್ಲ. ಹೇಳದಿದ್ದರೆ ಉಳಿಗಾಲವಿಲ್ಲ. ಆಕೆ ಬಿದ್ದ ಮನೆಯಲ್ಲಿ ಒಬ್ಬಳನ್ನು ಇರಿಸಿದಳು. ಕಲ್ಲವ್ವ.

"ಮೊದಲನೇ ದಿನ ಚೌಕದಾಗ ನಿಂತ ಹೇಳಿದಳು, ಕಲ್ಲವ್ವ ನಕ್ಕಳ್ರಿ ಅಂತ. ಯಾಕ ನಕ್ಕಳು ಅಂದ್ರು ಹಿರೇರು. ಗೊತ್ತಿಲ್ರಿ, ಒಬ್ಬಾಕೇ ಕೂತ ನಕ್ಕಳು ಅಂದಳು."

ಹೆಂಗಸರು ಸೆರಗು ಬಾಯಿಗೆ ಒತ್ತಿ ನಕ್ಕರು. 

ಕತೆ ಮುಂದೆ ಹೋಯಿತು. ಚಂಪವ್ವನ ದಾರಿ ಉಳಿದವರಿಗೂ ತಿಳಿಯಿತು. ಒಬ್ಬೊಬ್ಬರೇ ತಪ್ಪುಗಳನ್ನೆಲ್ಲ ಕಲ್ಲವ್ವನ ಮೇಲೆ ಹಾಕತೊಡಗಿದರು. ಊರಲ್ಲಿ ಯಾರೂ ಯಾರ ಮೇಲೂ ಚಾಡಿ ಹೇಳುವುದು ಬೇಕಾಗಲಿಲ್ಲ. ನೆರೆಹೊರೆಯವರು ಮತ್ತೆ ಒಬ್ಬರ ಮುಖ ಒಬ್ಬರು ನೋಡಿ ಮಾತಾಡತೊಡಗಿದರು. ಹಿರಿಯರಿಗೆ ಗಾಬರಿಯಾಯಿತು. ಇಷ್ಟು ಪಾಪ ಮಾಡಿದವಳನ್ನು ಹಿಡಿದು ತನ್ನಿ ಎಂದರು. ಬಿದ್ದ ಮನೆಯಲ್ಲಿ ಯಾರೂ ಇಲ್ಲ. ಇಲ್ಲ ಎಂದರೆ ಇಡೀ ಊರು ಸುಳ್ಳು ಹೇಳಿದಂತೆ. ಅಮಾವಾಸ್ಯೆಯೊಳಗೆ ಕಲ್ಲವ್ವ ಚೌಕಕ್ಕೆ ಬರಲೇಬೇಕು ಎಂದು ಆಜ್ಞೆಯಾಯಿತು.

"ಇವತ್ತಿಗೆ ಇಷ್ಟ" ಎಂದಳು ಅಕ್ಕ.

ಸಂಜೆ ಆಕೆಯನ್ನು ಒಳಗೆ ಕರೆದು ಕೇಳಿದೆ.

"ಅಕ್ಕಾ, ಇದ ಮಂಡಳಿ ಮ್ಯಾಲ ಹೌದಲ್ಲ?"

"ನಾ ಯಾರ ಹೆಸರ ತೊಗೊಂಡಿಲ್ಲ ತಮ್ಮಾ. ಕೇಳಿದವರು ತಮ್ಮ ಮ್ಯಾಲ ತೊಗೊಂಡ್ರ ನಾ ಏನ ಮಾಡ್ಲಿ?"

"ಒಂದ ಮಾತ ತಪ್ಪಾತು ಅಂದ ಬಿಡು. ವಿಮಲಾನ ಲಗ್ನ ಆಗಿ ಹೋಗ್ಲಿ."

ಆಕೆ ಹೊಸ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು.

"ಕತಿ ಹೇಳಿದ್ದಕ್ಕ ತಪ್ಪಾತು ಅಂದ್ರ, ನಾಳೆ ವಿಮಲಾ ಸೊಸಿಯಾಗಿ ಹೋದ ಮನ್ಯಾಗ ಉಸರಾಡಿದ್ದಕ್ಕೂ ತಪ್ಪಾತು ಅನಬೇಕಾಗ್ತೈತಿ. ನಾ ಅನ್ನಂಗಿಲ್ಲ. ನೀ ಅಲ್ಲಿ ಏನ ಹೇಳಾಂವ?"

"ಕತಿ ಕತಿನ ಅಂತ ಹೇಳತೇನಿ."

"ಅಷ್ಟ ಹೇಳು. ಸಾಕು" ಎಂದಳು. ನನ್ನ ಮೇಲೆ ಆಕೆಗೆ ನಂಬಿಕೆ ಇತ್ತು.

ಸೋಮವಾರ ನಾನೂ ಭಾವನೂ ಹೋದಾಗ ಮಠದ ಪಡಸಾಲೆಯಲ್ಲಿ ಮಂಡಳಿಯವರೆಲ್ಲ ಕೂತಿದ್ದರು. ಈರಪ್ಪಣ್ಣ ಎದ್ದು ಬಂದು ಕೈ ಹಿಡಿದು ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡರು. ಬಿಸಿ ಹಾಲು ಬಂತು.

"ಬರ್ರಿ ಲೇಖಕರ. ನಮ್ಮ ಮ್ಯಾಲ ಎಷ್ಟ ಛಲೋ ಬರದಿದ್ರಿ. ಇನ್ನೂ ಇಟ್ಕೊಂಡೇನಿ ನೋಡ್ರಿ."

ನನ್ನ ಭಾಷಣದ ಮೊದಲ ಸಾಲು ಅಲ್ಲೇ ಕೈಕೊಟ್ಟಿತು. ಆದರೂ ಹೇಳಿದೆ.

"ಕತಿ ಕತಿನ ಇರತೈತ್ರಿ ಈರಪ್ಪಣ್ಣಾರ."

"ಹೌದ್ರಿ. ನಾವೂ ಅದನ್ನ ಅಂತೇವಿ. ಆದ್ರ ಆ ನಿರ್ಮಳಪಟ್ಟಣ ಅಂದ್ರ ಯಾವೂರು? ಬ್ಯಾರೆ ಧರ್ಮದವರ ಮ್ಯಾಲ ಇದ್ರ ಹೇಳ್ರಿ, ನಮ್ಮದೇನ ತಕರಾರ ಇಲ್ಲ. ನಮ್ಮ ಹೆಣ್ಣಮಕ್ಕಳಿಗೂ ಕೇಳಸ್ತೇವಿ."

ಒಂದಿಬ್ಬರು ತಲೆದೂಗಿದರು. ನಾನು ಹಾಲು ಕುಡಿದೆ.

"ನಮ್ಮ ಮ್ಯಾಲ ಇದ್ರ ಆಕಿ ಇಲ್ಲಿ ಬಂದ ಎಲ್ಲಾರ ಮುಂದ ತಪ್ಪಾತು ಅನ್ಲಿ. ಇಲ್ಲಾಂದ್ರ ಬಾಳಪ್ಪನ ಮನಿ ಲಗ್ನಕ್ಕ ಮಂದಿ ಬರೂದಿಲ್ಲ. ಹೋಗಬ್ಯಾಡ್ರಿ ಅಂತ ನಾವು ಹೇಳೂದಿಲ್ಲ ಮತ್ತ. ಮಂದಿನ ಬರೂದಿಲ್ಲ."

ಎಷ್ಟು ಮೆತ್ತಗೆ ಹೇಳಿದರು ಎಂದರೆ, ಮಗುವಿಗೆ ಔಷಧ ಕುಡಿಸುವಾಗ ಹೇಳುತ್ತಾರಲ್ಲ, ಹಾಗೆ. ಭಾವ ನನ್ನತ್ತ ನೋಡಿದರು. ಎಲ್ಲರೂ ನನ್ನತ್ತ ನೋಡಿದರು.

ಅಕ್ಕ ತಪ್ಪಾಯಿತು ಎನ್ನುವುದಿಲ್ಲ. ಅದು ನನಗೆ ಗೊತ್ತು. ಕತೆ ನಿಮ್ಮ ಮೇಲೆಯೇ ಇದೆ, ಮುಟ್ಟಿ ನೋಡಿಕೊಳ್ಳಿ ಎಂದು ಹೇಳಬಹುದಿತ್ತು. ಕತೆಗೆ ಕ್ಷಮೆ ಕೇಳುವ ಪದ್ಧತಿ ಇಲ್ಲ ಎಂದು ಎದ್ದು ಬರಬಹುದಿತ್ತು. ಬಸ್ಸಿನಲ್ಲಿ ಜೋಡಿಸಿದ್ದ ಅಷ್ಟೂ ಮಾತು ಬಾಯಲ್ಲೇ ಇತ್ತು.

ನಾನು ಹೇಳಿದ್ದು ಇದು:

"ಅಕ್ಕನ ತಲಿ ಸರಿ ಇಲ್ರಿ."

 ನಾನು ಮುಂದುವರಿದೆ.

"ಹ್ವಾದ ವರ್ಷ ಜ್ವರ ಬಂದಿದ್ವು. ಆವಾಗಿಂದ ಏನೇನರ ಮಾತಾಡತಾಳ. ಹೊರಗ ಹೇಳಿಲ್ರಿ ನಾವು. ಕೊಲ್ಹಾಪುರಕ್ಕ ಕರಕೊಂಡ ಹೋಗಿದ್ದೆ. ಡಾಕ್ಟರು ನೋಡಿ, ನರ ವೀಕ ಆಗ್ಯಾವ ಅಂದ್ರು. ತಾ ಏನ ಹೇಳಾಕತ್ತೇನಿ ಅಂತ ಆಕಿಗೇ ತಿಳಿಯಂಗಿಲ್ಲ."

ಕೊಲ್ಹಾಪುರಕ್ಕೆ ಕರೆದುಕೊಂಡು ಹೋಗಿದ್ದು ನಿಜ. ಕನ್ನಡಕ ಮಾಡಿಸಲು.

ನಂಬುತ್ತಾರೋ ಇಲ್ಲವೋ ಎಂಬ ಅನುಮಾನ ನನಗಿತ್ತು. ಅವರು ಕಾಯುತ್ತಿದ್ದವರಂತೆ ನಂಬಿದರು. ಪಡಸಾಲೆಯ ಗಾಳಿಯೇ ಬದಲಾಯಿತು. ಒಬ್ಬ ಮುದುಕ ಕಣ್ಣು ಒರೆಸಿಕೊಂಡ. ಈರಪ್ಪಣ್ಣ ನನ್ನ ಬೆನ್ನ ಮೇಲೆ ಕೈ ಇಟ್ಟರು.

"ಮೊದಲ ಹೇಳಬಾರದೇನ್ರಿ? ನಾವೇನ ಮನಿಷಾರಲ್ಲ? ಪಾಪ, ಎಂಥಾ ಹೆಣ್ಣಮಗಳು. ಇನ್ನ ಆಕಿ ಜವಾಬ್ದಾರಿ ಸಮಾಜದ್ದು."

ಭಾವ ನೆಲ ನೋಡುತ್ತಿದ್ದರು. ಅಲ್ಲ ಎನ್ನಲಿಲ್ಲ. ದಾರಿಯಲ್ಲಿ ನನ್ನ ಕೈ ಗಟ್ಟಿಯಾಗಿ ಹಿಡಿದು, "ಉಳಿಸಿದ್ರಿ" ಎಂದರು. ನನಗೂ ಹಾಗೆಯೇ ಅನಿಸಿತ್ತು. ನಿಜ ಹೇಳುತ್ತೇನೆ, ಸ್ವಲ್ಪ ಹೆಮ್ಮೆಯೂ ಆಗಿತ್ತು. ಎಂಥ ಐಡಿಯಾ ಹೊಳೆಯಿತು ನೋಡಿ ನನಗೆ, ಅಷ್ಟು ಜನರ ನಡುವೆ.

ಅಕ್ಕನಿಗೆ ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಎಲ್ಲ ಸರಿಹೋಯಿತು ಎಂದಷ್ಟೇ ಹೇಳಿದೆವು. ಮರುದಿನ ಮುಂಜಾನೆ ಮಂಡಳಿಯವರ ಮನೆಯ ಹೆಂಗಸರು ವಿಭೂತಿ, ಮಂತ್ರಿಸಿದ ದಾರ ಹಿಡಿದು ಬಂದರು. ಅಕ್ಕನನ್ನು ಕೂಡಿಸಿ ತಲೆ ನೇವರಿಸಿದರು.

"ಹೆದರಬ್ಯಾಡವಾ ನೀಲಕ್ಕಾ, ಆರಾಮ ಆಗ್ತಿ. ನಿಮ್ಮ ತಮ್ಮ ಎಲ್ಲಾ ಹೇಳ್ಯಾನ. ಪ್ರತಿ ಸೋಮವಾರ ಮಠದಾಗ ಕೂಡಬೇಕಂತ, ಸ್ವಾಮಿಗೋಳು ತಲಿ ಮ್ಯಾಲ ಕೈ ಇಡತಾರ."

ಅಕ್ಕ ನನ್ನ ಕಡೆ ತಿರುಗಿದಳು. ಆ ನೋಟವನ್ನು ಬರೆಯಲು ನನಗೆ ಬರುವುದಿಲ್ಲ. ಬಂದರೂ ಬರೆಯುವುದಿಲ್ಲ. ಆಕೆ ಬಾಯಿ ತೆರೆದಳು. ಬಂದ ಹೆಂಗಸರು ಒಮ್ಮೆಲೇ, "ಹೌದ, ಹೌದವಾ" ಎಂದರು. ಆಕೆ ಇನ್ನೂ ಒಂದು ಮಾತೂ ಆಡಿರಲಿಲ್ಲ.

ಅಂಗಡಿಯಲ್ಲಿ ಕೆಲಸವಿದೆ ಎಂದು ನಾನು ಮಧ್ಯಾಹ್ನದ ಬಸ್ಸು ಹಿಡಿದೆ.

ಮುಂದೆ ನಡೆದದ್ದನ್ನು ನೀವು ಈಗಾಗಲೇ ಊಹಿಸಿರಬೇಕು. ನಾನೊಬ್ಬನೇ ಊಹಿಸಿರಲಿಲ್ಲ. ಹುಡುಗಿಯ ತಾಯಿಗೆ ತಲೆ ಸರಿಯಿಲ್ಲ ಎಂಬ ಸುದ್ದಿ ದತ್ತವಾಡ ಮುಟ್ಟಲು ಎಷ್ಟು ಹೊತ್ತು? ಹುಡುಗನ ಕಾಕಾ ನನ್ನ ಅಂಗಡಿಗೇ ಬಂದರು. ತೂಕದ ಮನುಷ್ಯ. ಗಾದಿಯ ಅಂಚಿನಲ್ಲಿ ಕೂತು, ಮಗ್ಗದ ಸದ್ದಿನ ಮೇಲೆ ಕೇಳುವಂತೆ, ಆದರೆ ಮರ್ಯಾದೆಯಿಂದ ಕೇಳಿದರು.

"ನಿಮ್ಮ ಅಕ್ಕಾರನ್ನ ನೋಡಿದ ಡಾಕ್ಟರ ಹೆಸರ ಏನ್ರಿ? ಕೊಲ್ಹಾಪುರದಾಗ ಎಲ್ಲಿ ಕೂಡತಾರ? ನಾನ ಹೋಗಿ ಒಂದ ಮಾತ ಕೇಳಿ ಬರತೇನಿ. ಇಂಥಾವು ಮಕ್ಕಳಿಗೂ ಬರತಾವೇನ ಅಂತ."

ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ.

"ಡಾಕ್ಟರ ಯಾರೂ ಇಲ್ರಿ. ಅಕ್ಕ ಆರಾಮ ಅದಾಳ. ನಾ ಸುಳ್ಳ ಹೇಳೇನಿ."

ಅವರು ಗಾದಿಯ ಅಂಚಿನಿಂದ ನನ್ನ ಕಡೆ ಬಾಗಿದರು.

"ಮಠದಾಗ ಕೂತ ಒಂದ ಹೇಳೀರಿ. ಇಲ್ಲಿ ಕೂತ ಒಂದ ಹೇಳಾಕತ್ತೀರಿ. ಯಾವದ ಖರೆ ಅಂತ ನಂಬಬೇಕ್ರಿ ನಾವು?"

ನಾನು ಎಲ್ಲ ಬಿಡಿಸಿ ಹೇಳಿದೆ. ಮಂಡಳಿ, ಕತೆ, ಕಲ್ಲವ್ವ. ಅವರು ಸಮಾಧಾನದಿಂದ ಕೇಳಿಸಿಕೊಂಡರು. ಏಳುವಾಗ ಒಂದೇ ಮಾತು ಹೇಳಿದರು.

"ಹುಚ್ಚಿನ ಮನಿ ಅಂದ್ರ ಒಂದ ವ್ಯಾಳೆ ವಿಚಾರ ಮಾಡತಿದ್ವಿ. ಔಷಧ ಐತಿ. ಒಡಹುಟ್ಟಿದಾಕಿ ಮ್ಯಾಲ ಇಂಥಾ ಮಾತ ಹುಟ್ಟಿಸೂ ಮನಿ ಅಂದ್ರ ನಮಗ ಅಂಜಿಕಿ ಬರತೈತ್ರಿ."

ಸಂಬಂಧ ಮುರಿಯಿತು.

ಏನನ್ನು ಉಳಿಸಲು ಆ ಸುಳ್ಳು ಹೇಳಿದ್ದೆನೋ ಅದೇ ಹೋಯಿತು. ಕಳೆದ ಸೋಮವಾರ ನಾನು ಮತ್ತೆ ಗಡಹಿಂಗ್ಲಜಕ್ಕೆ ಹೋದೆ. ಈ ಸಲ ಬಸ್ಸಿನಲ್ಲಿ ಏನನ್ನೂ ಜೋಡಿಸಲಿಲ್ಲ. ನೇರ ಮಠಕ್ಕೆ ಹೋದೆ. ಪಡಸಾಲೆಯ ಮೂಲೆಯಲ್ಲಿ, ಹೆಂಗಸರ ಸಾಲಿನ ಮುಂದೆ, ಕೊರಳಲ್ಲಿ ದಾರ ಕಟ್ಟಿಸಿಕೊಂಡು ಅಕ್ಕ ಕೂತಿದ್ದಳು. ಆಕೆ ಒಪ್ಪಿ ಬಂದಿದ್ದಳೋ, ಭಾವ ಕೈ ಮುಗಿದು ಕರೆತಂದಿದ್ದರೋ ನನಗೆ ಗೊತ್ತಿಲ್ಲ. ಕೇಳುವ ಮುಖವೂ ನನಗಿಲ್ಲ.

ನಾನು ಎಲ್ಲರ ಮುಂದೆ ನಿಂತು ಹೇಳಿದೆ.

"ನಮ್ಮಕ್ಕನ ತಲಿ ಸರಿ ಐತ್ರಿ. ಯಾವ ಡಾಕ್ಟರೂ ಏನೂ ಹೇಳಿಲ್ಲ. ನಿಮಗ ಅಂಜಿ ಸುಳ್ಳ ಹೇಳಿದೆ. ಆಕಿ ಕತಿ ತಿಳದ ಹೇಳ್ಯಾಳ. ನಿಮ್ಮ ಮ್ಯಾಲನ ಹೇಳ್ಯಾಳ."

ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಸಿಟ್ಟಾಗಲಿ ಎಂದೂ ಅಂದುಕೊಂಡಿದ್ದೆ. ಯಾರೂ ಸಿಟ್ಟಾಗಲಿಲ್ಲ. ಕೆಲವರು ಮುಖ ತಗ್ಗಿಸಿ ಸಣ್ಣಗೆ ನಕ್ಕರು. ಈರಪ್ಪಣ್ಣ ಎದ್ದು ಬಂದು ಎಂದಿನಂತೆ ಕೈ ಹಿಡಿದರು.

"ದತ್ತವಾಡದ ಸುದ್ದಿ ಕೇಳಿದ್ವಿ. ಭಾಳ ಕೆಟ್ಟ ಅನಸ್ತು. ಅಕ್ಕನ ಮ್ಯಾಲ ಜೀವ ಅಲ್ರಿ, ಯಾರಾದ್ರೂ ಹಿಂಗ ಹೇಳಾವ್ರ. ಕೂಡ್ರಿ. ಹಾಲ ಕುಡೀರಿ."

ನಾನು ಮತ್ತೊಮ್ಮೆ ಹೇಳಿದೆ. ದನಿ ಏರಿಸಿ ಹೇಳಿದೆ. ಅವರು ಇನ್ನಷ್ಟು ಮೆತ್ತಗಾದರು. ನನ್ನ ಸುಳ್ಳಿಗೆ ಒಂದು ನಿಮಿಷ ಸಾಕಾಗಿತ್ತು. ನಿಜವನ್ನು ಅವರು ಹಾಲಿನ ಲೋಟದ ಜೊತೆ ನನಗೇ ವಾಪಸು ಕೊಟ್ಟರು. ಓದುಗರೇ, ನೀವು ಎಂದಾದರೂ ಹೀಗೆ ಸಿಕ್ಕಿಕೊಂಡಿದ್ದೀರಾ? ನೀವೇ ಕಟ್ಟಿದ ಗೋಡೆಗೆ ನೀವೇ ತಲೆ ಚಚ್ಚಿಕೊಂಡಿದ್ದೀರಾ?

ಅಕ್ಕ ಕೂತಲ್ಲಿಂದ ಅಲುಗಲಿಲ್ಲ.

ಮಧ್ಯಾಹ್ನ ಹಿತ್ತಲಿಗೆ ಹೋದೆ. ಹೆಂಗಸರು ಅಕ್ಕನಿಂದ ಸ್ವಲ್ಪ ದೂರ ಸರಿದು ಕೂತಿದ್ದರು. ಆಕೆಯನ್ನು ಮಾತಾಡಿಸಿ ದಣಿಸಬೇಡಿ ಎಂದು ಮಂಡಳಿಯವರು ಹೇಳಿ ಹೋಗಿದ್ದಾರಂತೆ. ಸಖೂಬಾಯಿ ಮಾತ್ರ ತಡೆಯಲಾರದೆ, ಮರಾಠಿ ಕನ್ನಡ ಬೆರೆಸಿ ಕೇಳಿದಳು.

"ಅಕ್ಕಾ, ಪುಢೆ ಕಾಯ ಝಾಲಂ? ಅಮಾಸಿ ಬಂತಲ್ಲ, ಮುಂದೇನಾತು?"

ಅಕ್ಕನ ಬೆರಳುಗಳು ನಿಂತವು.

"ಗೊತ್ತಿಲ್ಲವಾ. ಗೊತ್ತಿತ್ತು. ಈಗ ಬಾಯಾಗ ಬರವಲ್ದು."

ಮತ್ತೆ ತೊಟ್ಟು ಮುರಿಯತೊಡಗಿದಳು. ಹಿತ್ತಲಲ್ಲಿ ಸೀನು ಬಿಟ್ಟರೆ ಬೇರೆ ಸದ್ದಿಲ್ಲ. ವಿಮಲಾ ಚಹಾ ತಂದು ನನ್ನ ಮುಂದೆ ಇಟ್ಟು ಒಳಗೆ ಹೋದಳು. ಮಾಮಾ ಎನ್ನಲಿಲ್ಲ.

ನಾನು ಅಕ್ಕನ ಎದುರು ನೆಲದ ಮೇಲೆ ಕೂತೆ. ತಪ್ಪಾಯಿತು ಎಂದೆ. ಆಕೆ ಕೈಯಲ್ಲಿನ ಮೆಣಸಿನಕಾಯಿ ನೋಡುತ್ತ ಮಾತಾಡಿದಳು.

"ಮೊನ್ನೆ ಒಂದ ರಾಶಿ ಇನ್ನೂ ಹಸಿ ಐತಿ, ಚೀಲಕ್ಕ ತುಂಬಬ್ಯಾಡ್ರಿ ಅಂದೆ. ಹೌದ ಹೌದ ಅಂದ್ರು. ಒಬ್ಬರೂ ಕೈ ಹಾಕಿ ಮುಟ್ಟಿ ನೋಡ್ಲಿಲ್ಲ. ತುಂಬಿದ್ರು. ಬೂಷ್ಟ ಹಿಡೀತು. ಈಗ ನನ್ನ ಜೋಡಿ ಜಗಳಾನೂ ಯಾರೂ ಆಡೂದಿಲ್ಲ ತಮ್ಮಾ. ಏನ ಹೇಳಿದ್ರೂ ಹೌದ ಹೌದ."

ಇನ್ನೊಂದು ತೊಟ್ಟು ಮುರಿದು ಅಂದಳು.

"ಸುಳ್ಳ ಹೇಳಿದಿ ಅಂತ ಸಿಟ್ಟಿಲ್ಲ ನನಗ. ಅಂಜಿಕಿ ಯಾರಿಗಿಲ್ಲ? ಅವರೆಲ್ಲಾ ಹೇಳಿದ್ರು, ನಿಮ್ಮ ತಮ್ಮ ಎಷ್ಟ ತಿಳಿಸಿ ಹೇಳಿದಾ ಅಂತ. ಜ್ವರ ಅಂದಿ, ಕೊಲ್ಹಾಪುರ ಅಂದಿ, ನರ ಅಂದಿ. ಎಲ್ಲೂ ನಾಲಿಗಿ ತೊದಲಲಿಲ್ಲಂತ. ಒಂದ ಸಲಾನರ ತೊದಲಬಾರದಿತ್ತೇನ?"

  ಮಂಡಳಿಯವರು ಆಕೆಯ ಮನೆಯ ಬಾಗಿಲು ತೆರೆಸಿದರು. ಪೂಜೆಯ ಹೊತ್ತು, ಚಹಾದ ಹೊತ್ತು ಎಣಿಸಿದರು. ಅಷ್ಟೆಲ್ಲ ಮಾಡಿದರೂ ಆಕೆಯ ಬಾಯಿ ಕಟ್ಟಲು ಅವರಿಂದ ಆಗಿರಲಿಲ್ಲ. ಅದಕ್ಕೆ ಮನೆಯವನೇ ಬೇಕಾಗಿತ್ತು. ಓದಿದವನು, ಬರೆಯುವವನು, ಆಕೆಯ ಪರವಾಗಿ ಮಾತಾಡಲು ಹೋದವನು.

ಇದನ್ನು ಪೇಪರಿನಲ್ಲಿ ಬರೆಯಲೇ ಎಂದು ಕೇಳಿದೆ.

"ಬರಿ. ಈ ಸಲ ನಾ ಆಡದ ಮಾತ ನನಗ ಬಿಡು, ನೀ ಕೇಳಿದ್ದು ನೀ ಮಾಡಿದ್ದಷ್ಟ ಬರಿ" ಎಂದಳು.

ಹಾಗಾಗಿ ಬರೆದಿದ್ದೇನೆ. ಕತೆಯ ಕೊನೆ ಏನು ಎಂದು ದಯವಿಟ್ಟು ಯಾರೂ ನನಗೆ ಕಾರ್ಡು ಹಾಕಬೇಡಿ. ಅದು ಅಕ್ಕನದು. ಆಕೆಯ ಬಾಯಿಗೆ ಬಂದ ದಿನ ಆಕೆಯೇ ಹೇಳುತ್ತಾಳೆ.

ನಮ್ಮ ಈ ವಾರಪತ್ರಿಕೆ ಗಡಹಿಂಗ್ಲಜಕ್ಕೂ ಹೋಗುತ್ತದೆ. ಈರಪ್ಪಣ್ಣನವರು ಇದನ್ನೂ ಓದುತ್ತಾರೆ. ಓದಿ, ಮಡಚಿಟ್ಟು, ಪಕ್ಕದವರಿಗೆ ಮೆತ್ತಗೆ ಹೇಳುತ್ತಾರೆ: ಪಾಪ, ಅಕ್ಕನ ಬ್ಯಾನಿ ತಮ್ಮಗೂ ಹತ್ತಿದಂಗ ಕಾಣಸ್ತೈತಿ.

ಹೇಳಲಿ. ಈ ಒಂದು ತಿಂಗಳಲ್ಲಿ ನಾನು ನಾಚಿಕೆಪಡಬೇಕಿಲ್ಲದ ಮಾತು ಅದೊಂದೇ.